ಐರ್ಲೆಂಡಿಗೆ ಹೊತ್ತುಕೊಂಡು ಹೋದ ‘ಬ್ಯಾಡ’

ಹೈದರಾಬಾದಿನ ವಿಮಾನ ನಿಲ್ದಾಣ

ಐರ್ಲೆಂಡಿಗೆ ಹೊರಟ ದಿನ ನನ್ನ ಬಳಿ ಎರಡು ಬ್ಯಾಗು ಸಾಮಾನು ಮತ್ತು ಒಂದೇ ಒಂದು ಮಾತು ಇದ್ದವು. ಸಾಮಾನೆಂದರೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಒಂದು ಡಬ್ಬಿ ಬೆಲ್ಲ, ಮಗಳು ಕೇಳಿದ್ದ ತೆಳ್ಳನೆಯ ಚಾದರ. ಮಾತನ್ನು ಮಾತ್ರ ಅವಳು ಕೇಳಿರಲಿಲ್ಲ. ‘ನಿನಗ ಮಕ್ಕಳು ಬ್ಯಾಡ’ ಎಂದು ಅವಳ ಎದುರು ಕೂತು ಹೇಳಿ ಬರಬೇಕೆಂದು ನಾನೇ ಗಟ್ಟಿ ಮಾಡಿಕೊಂಡಿದ್ದೆ. ಅಂಥದ್ದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. ಇಷ್ಟವಿಲ್ಲದ ಮಾತು ಬಂದರೆ ನನ್ನ ಮಗಳಿಗೆ ಥಟ್ಟನೆ ಸಿಗ್ನಲ್ ಹೋಗಿಬಿಡುತ್ತದೆ.

ಮಗಳ ಹೆಸರು ಗ್ರೇಸಿ. ಐರ್ಲೆಂಡಿನ ಪಶ್ಚಿಮ ಕಡಲಿನ ಹತ್ತಿರ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಲೂಪಸ್ ಎಂಬ ರೋಗವಿದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ಸ್ವಂತ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ಏರಿ ಹೋಗುವ ರೋಗ. ಅದೇ ರೋಗದಿಂದ ಅವಳ ತಾಯಿ, ನನ್ನ ಹೆಂಡತಿ ಸುವಾರ್ತಾ, ತೀರಿಕೊಂಡಳು. ಸುವಾರ್ತಾಳಿಗೆ ಅದು ಹತ್ತಿದ್ದು ಗ್ರೇಸಿಯನ್ನು ಹಡೆದ ಮೇಲೆ. ಇದನ್ನು ನಾವಿಬ್ಬರೂ ಮಗಳಿಗೆ ಎಂದೂ ಹೇಳಿರಲಿಲ್ಲ. ಅವಳು ಮೂರನೆಯ ಇಯತ್ತೆಯಲ್ಲಿದ್ದಾಗ ತಾಯಿಗೆ ಟೈಫಾಯ್ಡ್ ಬಂದಿತ್ತು. ಅಲ್ಲಿಂದಲೇ ಎಲ್ಲ ಸುರುವಾಯಿತು ಎಂದು ನಂಬಿಸಿದ್ದೆವು. ಈಗ ‘ಬ್ಯಾಡ’ ಎನ್ನಬೇಕಾದರೆ ಯಾಕೆ ಎಂದೂ ಹೇಳಬೇಕು. ಹೇಳಿದರೆ ತಾಯಿಯ ಸಾವಿಗೆ ತಾನೇ ಕಾರಣ ಎಂದು ಹುಡುಗಿ ಕೊರಗುತ್ತಾಳೆ. ಹೇಳದಿದ್ದರೆ ತಾಯಿಯ ದಾರಿಯನ್ನೇ ಹಿಡಿಯುತ್ತಾಳೆ. ಬೀದರಿನಿಂದ ಹೈದರಾಬಾದಿಗೆ ಬರುವ ದಾರಿಯುದ್ದಕ್ಕೂ ಇದನ್ನೇ ಆಚೆ ಈಚೆ ಹೊರಳಿಸಿ ನೋಡುತ್ತ ಬಂದೆ.

ನನ್ನದೂ ಒಂದು ಗುಟ್ಟಿತ್ತು. ಆ ವರ್ಷವೇ ನನಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗಿ ಮೂರು ತಿಂಗಳಿಗೊಂದು ಇಂಜೆಕ್ಷನ್ ಸುರುವಾಗಿತ್ತು. ಗಂಡಸಿನ ಹಾರ್ಮೋನೇ ಈ ಗಡ್ಡೆಗೆ ಮೇವು, ಆ ಮೇವು ನಿಲ್ಲಿಸುತ್ತೇವೆ ಎಂದು ಡಾಕ್ಟರು ಬಹಳ ನಯವಾಗಿ ವಿವರಿಸಿದ್ದರು. ನನಗೆ ನಯದ ಅಗತ್ಯವಿರಲಿಲ್ಲ. ನಾನು ಭಾಲ್ಕಿ ತಾಲೂಕಿನ ಸಾಯಗಾಂವದವನು. ಔರಾದ ತಾಲೂಕಿನ ಠಾಣಾ ಕುಶನೂರಿನ ಸುತ್ತಮುತ್ತ ದನದ ದವಾಖಾನೆಯ ಇನ್‌ಸ್ಪೆಕ್ಟರ್ ಆಗಿ ಇಡೀ ನೌಕರಿ ಕಳೆದವನು. ‘ಅಂದ್ರ ಬೀಜ ಒಡಿಯೋದು ಅನ್ರಿ ಸಾಹೇಬ್ರ, ನಾ ಹೋರಿಗೋಳಿಗೆ ಇದೇ ಕೆಲಸ ಮಾಡೀನಿ’ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ಜೋರಾಗಿ ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಬೆಂಚಿನ ಮೇಲೆ ಸುಮಾರು ಹೊತ್ತು ಕೂತೆ.

ಮಗಳಿಗೆ ಹೇಳಲಿಲ್ಲ. ಒಂದು ಗುಟ್ಟು ಬಿಚ್ಚಲು ಹೊರಟವನು ಇನ್ನೊಂದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡು ಹೊರಟಿದ್ದೆ. ಡಾಕ್ಟರರ ಚೀಟಿಯನ್ನು ಜೋಳದ ಹಿಟ್ಟಿನ ಚೀಲದ ಕೆಳಗೆ ಇಟ್ಟಿದ್ದೆ. ತಪಾಸಣೆಯ ಹುಡುಗಿಗೆ ಹಿಟ್ಟಿನ ಮೇಲೆ ಅನುಮಾನ ಬಂದು ಚೀಲವನ್ನು ಎತ್ತಿದಳು. ಕೆಳಗಿದ್ದ ಚೀಟಿಯನ್ನು ಪೂರ್ತಿ ಓದಿದಳು. ಆಮೇಲೆ ನನಗೊಂದು ಕುರ್ಚಿ ತರಿಸಿಕೊಟ್ಟಳು. ಗುಟ್ಟು ನನ್ನ ಮಗಳನ್ನು ಬಿಟ್ಟು ಹೈದರಾಬಾದಿನ ಎಲ್ಲರಿಗೂ ಗೊತ್ತಾಯಿತಲ್ಲ ಎಂದು ಕುರ್ಚಿಯಲ್ಲಿ ಕೂತೇ ಪೇಚಾಡಿದೆ.

ಮಗಳ ಊರು, ಮೊದಲ ವಾರ

ಅಕ್ಟೋಬರ್ ತಿಂಗಳು. ನಮ್ಮ ಕಡೆ ಸೋಯಾಬೀನ್ ರಾಶಿ ಮಾಡುವ ಹೊತ್ತು. ಅಲ್ಲಿ ಮಳೆ ಎನ್ನುವಂತೆಯೂ ಇಲ್ಲ, ಮಂಜು ಎನ್ನುವಂತೆಯೂ ಇಲ್ಲ. ಅಂಥ ಒದ್ದೆ ಗಾಳಿ ದಿನವಿಡೀ. ಜನ ಮಾತ್ರ ಒಣಗಿದ ನಗೆಯವರಲ್ಲ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಔರಾದ ಬಸ್ಸಿನಲ್ಲಿ ಹಾಗೆ ಹೇಳಲು ನಿಂತರೆ ‘ಲಗೂ ಇಳೀರಿ ಯಜಮಾನ್ರ’ ಎಂದು ಕಂಡಕ್ಟರ ಬೆನ್ನಿಗೆ ಕೈ ಹಚ್ಚುತ್ತಾನೆ. ಇನ್ನೊಂದು ರೂಢಿ ನೋಡಿ. ಹಳ್ಳಿಯ ಸಣ್ಣ ರಸ್ತೆಯಲ್ಲಿ ಎದುರಿಗೆ ಬಂದ ಕಾರಿನವನು ಸ್ಟೇರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಪರಿಚಯ ಬೇಕಾಗಿಲ್ಲ. ಮೂರನೆಯ ದಿನ ನಾನೂ ಪಕ್ಕದ ಸೀಟಿನಲ್ಲಿ ಕೂತು ಬೆರಳೆತ್ತತೊಡಗಿದೆ. ಹುರುಪಿನಲ್ಲಿ ತಪ್ಪು ಬೆರಳನ್ನು ಎತ್ತಿ ಗ್ರೇಸಿಯಿಂದ ಬೈಸಿಕೊಂಡೆ.

ಗ್ರೇಸಿ ಹೊರಗೆ ಹೊರಟರೆ ಆ ಮೋಡದಲ್ಲೂ ಮುಖಕ್ಕೆ ಬಿಸಿಲಿನ ಮುಲಾಮು ಹಚ್ಚಿ, ಅಗಲ ಅಂಚಿನ ಟೊಪ್ಪಿಗೆ ಹಾಕುತ್ತಾಳೆ. ಬಿಸಿಲು ಈ ರೋಗಕ್ಕೆ ಆಗುವುದಿಲ್ಲ. ಬೀದರಿನಲ್ಲಿ ಸುವಾರ್ತಾ ಸೆರಗನ್ನು ಮುಖದ ತನಕ ಎಳೆದುಕೊಂಡು ಗೋಡೆಯ ನೆರಳು ಹಿಡಿದು ನಡೆಯುತ್ತಿದ್ದಳು. ಟೊಪ್ಪಿಗೆಯ ಕೆಳಗೆ ಮಗಳ ಗದ್ದವಷ್ಟೇ ಕಾಣುತ್ತಿತ್ತು. ಅದು ಥೇಟ್ ತಾಯಿಯದೇ. ನನಗೆ ಆ ಗದ್ದ ಹಿಡಿದು ಮಾತಾಡಿಸಬೇಕು ಎನಿಸುತ್ತಿತ್ತು. ಹೆಂಡತಿ ಹೋಗಿ ಹನ್ನೊಂದು ವರ್ಷವಾದರೂ ಆಸೆ ಹೋಗುವುದಿಲ್ಲ, ಏನು ಮಾಡುವುದು.

ಆ ವಾರ ಗ್ರೇಸಿ ಮತ್ತು ಅಳಿಯ ಡೇವಿಡ್ ಇಬ್ಬರೂ ಆಸ್ಪತ್ರೆಯಲ್ಲಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡು ಬಂದರು. ಅಳಿಯನೂ ಅಲ್ಲೇ ನರ್ಸು. ಅವನು ಬಂದವನೇ ಚೆಂಡಾಟಕ್ಕೆ ಹೋದ. ಇವಳು ತೋಳು ಊದಿ, ಮೈ ಬೆಚ್ಚಗಾಗಿ ಸೋಫಾದಲ್ಲಿ ಮಲಗಿದಳು. ‘ಒಂದೇ ಔಷಧಿ, ಅವಂಗ ಏನೂ ಇಲ್ಲ, ನಿನಗ್ಯಾಕ?’ ಅಂದೆ.

‘ಹೆಂಗಸರ ಮೈ ಹಂಗೇ ಅದರಿ ಪಪ್ಪಾ. ನಮ್ಮ ಹಾರ್ಮೋನು ಒಳಗಿನ ಕಾವಲುಗಾರ್ರಿಗೆ ಚುರುಕು ಮಾಡ್ತದ. ಗಂಡಸರದು ಜರಾ ತಟ್ಟಿ ಮಲಗಸ್ತದ. ಅದಕ್ಕೇ ಜಡ್ಡು ಬಂದ್ರ ನಾವು ತಡ್ಕೊಳ್ತೀವಿ, ನೀವು ಹಾಸ್ಗಿ ಹಿಡೀತೀರಿ.’

‘ಅಂದ್ರ ನಿಮಗ ಚಲೋನೇ ಆಯ್ತಲ್ಲ.’

‘ಏನ್ ಚಲೋ? ಕಾವಲುಗಾರ ಭಾಳ ಚುರುಕಾದ್ರ ಮನಿ ಮಂದೀಗೇ ಬಡೀತಾನ. ಲೂಪಸ್ ಅಂದ್ರ ಅದೇ. ನಿಮಗ ಬರೋದು ಭಾಳ ಕಮ್ಮಿ, ನಮಗೇ ಹೆಚ್ಚು.’

ನನಗೆ ಕುಶನೂರಿನ ಕುರುಬರು ನೆನಪಾದರು. ಬೀಜ ಒಡೆದ ಟಗರು ಹೆಚ್ಚು ಬಾಳಿಕೆ ಬರುತ್ತದೆ, ಒಡೆಯದ್ದು ಗಾಯ, ಹುಳ, ಜ್ವರ ಎಂದು ಬೇಗ ಸೊರಗುತ್ತದೆ ಎಂದು ಅವರು ಹೇಳುತ್ತಿದ್ದರು. ಎಳೆಗರುವಿನ ಎದೆಗೂಡಿನಲ್ಲಿ ಒಂದು ಗ್ರಂಥಿ ಇರುತ್ತದೆ, ಮೈ ಕಾಯುವ ಕಣಗಳು ತಯಾರಾಗುವುದು ಅಲ್ಲೇ. ಪ್ರಾಯ ಬಂದಂತೆ ಅದು ಕರಗುತ್ತದೆ, ಬೀಜ ಒಡೆದ ಪ್ರಾಣಿಯಲ್ಲಿ ಅಷ್ಟು ಬೇಗ ಕರಗುವುದಿಲ್ಲ ಎಂದು ತರಬೇತಿಯಲ್ಲಿ ನಮಗೂ ಹೇಳಿದ್ದರು. ಮಗಳಿಗೆ ಇದನ್ನೆಲ್ಲ ಹೇಳಿ ಶಾಣ್ಯಾ ಅನಿಸಿಕೊಂಡೆ. ಅದೇ ಹೊತ್ತಿಗೆ ‘ಬ್ಯಾಡ’ ಎಂಬ ಮಾತನ್ನೂ ಹೇಳಿಬಿಡಬಹುದಿತ್ತು, ದಾರಿ ತಾನಾಗಿಯೇ ತೆರೆದಿತ್ತು. ಅವಳಿಗೆ ಜ್ವರ ಇದೆಯಲ್ಲ, ನಾಳೆ ಹೇಳೋಣ ಎಂದು ಚಹಾ ಮಾಡಲು ಎದ್ದೆ.

ಭಾನುವಾರ, ಇಗರ್ಜಿ

ಮೆಥೊಡಿಸ್ಟ್ ಇಗರ್ಜಿ ಆ ಊರಲ್ಲೂ ಒಂದಿತ್ತು. ಬೀದರಿನ ನಮ್ಮ ಇಗರ್ಜಿಯಲ್ಲಿ ಹಾಡು ಸುರುವಾದರೆ ಢೋಲಕ್, ಚಪ್ಪಾಳೆ, ಹಿಂದಿನ ಸಾಲಿನ ಕೂಸುಗಳ ಅಳು ಎಲ್ಲ ಸೇರಿ ಛಾವಣಿ ಏಳುತ್ತದೆ. ಅಲ್ಲಿ ಹದಿನಾಲ್ಕು ಮಂದಿ ಮುದುಕರು, ಒಂದು ಆರ್ಗನ್ನು. ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದರು, ಅಷ್ಟು ಚಳಿ.

ಎರಡನೆಯ ಹಾಡಿನ ನಡುವೆ ನನಗೆ ಬಂತು. ಇಂಜೆಕ್ಷನ್ನಿನ ಉಪಕಾರ ಇದು. ಎದೆಯಿಂದ ಝಳ ಎದ್ದು ಕುತ್ತಿಗೆ, ಕಿವಿ, ತಲೆಯ ತನಕ ಏರುತ್ತದೆ, ಅಂಗಿ ಒದ್ದೆಯಾಗುತ್ತದೆ, ಎರಡು ಮೂರು ನಿಮಿಷ ಬೇರೆ ಏನೂ ತೋಚುವುದಿಲ್ಲ. ಕೈಯಲ್ಲಿದ್ದ ಹಾಡಿನ ಪುಸ್ತಕದಿಂದಲೇ ಗಾಳಿ ಹಾಕಿಕೊಂಡೆ. ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟೆ.

ಸುವಾರ್ತಾ ಹೀಗೇ ಮಾಡುತ್ತಿದ್ದಳು. ರೋಗ ಮೂತ್ರಪಿಂಡಕ್ಕೆ ಏರಿದಾಗ ಕೊಟ್ಟ ಜೋರು ಔಷಧಿಯಿಂದ ಅವಳಿಗೆ ಮೂವತ್ತೆಂಟಕ್ಕೇ ಮುಟ್ಟು ನಿಂತಿತ್ತು. ಆಮೇಲೆ ಈ ಝಳ. ಜನವರಿ ತಿಂಗಳಲ್ಲೂ ಫ್ಯಾನು ಹಾಕುತ್ತಿದ್ದಳು, ನಾನು ಎದ್ದು ಆರಿಸುತ್ತಿದ್ದೆ. ಒಂದು ಭಾನುವಾರ ಇಗರ್ಜಿಯಲ್ಲಿ ಹಾಡಿನ ಪುಸ್ತಕದಿಂದ ಬೀಸಿಕೊಳ್ಳುತ್ತಿದ್ದಾಗ ನಾನು ಅದನ್ನು ಕಸಿದುಕೊಂಡು, ‘ಮಂದಿ ನೋಡ್ಲತ್ತಾರ, ಸುಮ್ಮ ಕೂಡು’ ಅಂದಿದ್ದೆ. ‘ಒಳಗ ಒಲಿ ಹಚ್ಚಿದಂಗ ಆಗ್ತದರಿ’ ಅಂದಿದ್ದಳು. ಅದಕ್ಕೆ ನಾನೇನು ಹೇಳಿದೆ? ‘ನಿಂದೇನು ಹೊಸಾದು’ ಅಂದಿದ್ದೆ.

ಆ ಪರದೇಶದ ಚಳಿಯಲ್ಲಿ ನಿಂತು, ಮೈಯೆಲ್ಲ ಬೆವರುತ್ತ, ಅವಳಿಗೆ ಒಂದು ಸಲ ‘ಹೌದು ಸುವಾರ್ತಾ, ಒಲಿ ಹಚ್ಚಿದಂಗೇ ಆಗ್ತದ’ ಎಂದು ಹೇಳುವ ಆಸೆಯಾಯಿತು. ಅಷ್ಟು ಹೇಳಿದ್ದರೆ ಸಾಕಿತ್ತು ಅವಳಿಗೆ. ಪಕ್ಕದ ಅಜ್ಜಿ ನನ್ನ ಕಣ್ಣು ನೋಡಿ, ಪಾದ್ರಿಯ ಪ್ರಸಂಗದಿಂದ ಮನಸ್ಸು ಕರಗಿದೆ ಎಂದುಕೊಂಡು ಕೈಗೆ ಕಾಗದದ ಕರವಸ್ತ್ರ ಕೊಟ್ಟಳು. ಪ್ರಸಂಗ ಇನ್ನೂ ಸುರುವಾಗಿರಲಿಲ್ಲ.

ಟಾಮನ ಕೊಟ್ಟಿಗೆ

ಗ್ರೇಸಿಯ ಮನೆಯ ಹಿಂದೆ ಟಾಮ್ ಎಂಬ ಮುದುಕನ ಹೊಲ. ಎಂಬತ್ತರ ಹತ್ತಿರದ ವಯಸ್ಸು, ತಲೆಗೆ ಉಣ್ಣೆಯ ಟೊಪ್ಪಿಗೆ, ಒಬ್ಬನೇ ಇಪ್ಪತ್ತು ದನ ಸಾಕಿದ್ದಾನೆ. ನಾನು ದನದ ದವಾಖಾನೆಯವನು ಎಂದು ಗೊತ್ತಾದದ್ದೇ ದಿನಾ ಬೇಲಿಯ ಹತ್ತಿರ ನನಗಾಗಿ ಕಾಯತೊಡಗಿದ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವನಿಗೆ ಮುಕ್ಕಾಲು. ಆದರೆ ಕೆಚ್ಚಲು, ಗೊರಸು, ಸಗಣಿಯ ಮಾತು ಎಲ್ಲಿಯೂ ಒಂದೇ. ನಮ್ಮ ಕಡೆಯ ದೇವಣಿ ತಳಿಯ ಹೋರಿಯ ಫೋಟೋ ತೋರಿಸಿದೆ. ಜೋತುಬಿದ್ದ ಕಿವಿ, ಕಪ್ಪು ಬಿಳಿ ಮೈ ನೋಡಿ ಫೋನನ್ನು ವಾಪಸು ಕೊಡಲೇ ಇಲ್ಲ, ಮನೆಯೊಳಗೆ ಒಯ್ದು ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದ.

ಹೊರಡಲು ನಾಲ್ಕು ದಿನ ಉಳಿದಾಗ ಅವನು ಒಂದು ಉಪಕಾರ ಕೇಳಿದ. ಎಳೆಯ ಹೋರಿಗರು ಒಂದಿದೆ, ಬೀಜ ಒಡೆಯಬೇಕು, ತನ್ನ ತೋಳಿನಲ್ಲಿ ಈಗ ಜೋರಿಲ್ಲ. ಅಲ್ಲಿ ಎಳೆಗರುವಿಗೆ ರೈತರೇ ಮಾಡಿಕೊಳ್ಳಬಹುದಂತೆ. ನಾನು ತೋಳು ಮಡಚಿ ಹೊರಟೆ. ಪರದೇಶಕ್ಕೆ ಬಂದು ಉಂಡು ಮಲಗುವುದೇ ಆಗಿತ್ತು, ಒಂದು ಕೆಲಸವಾದರೂ ಸಿಕ್ಕಿತಲ್ಲ ಎಂಬ ಹಿಗ್ಗು.

ಅವನು ಗೋಡೆಯಿಂದ ಇಕ್ಕಳ ತೆಗೆದುಕೊಟ್ಟ. ನಮ್ಮ ದವಾಖಾನೆಯಲ್ಲಿದ್ದದ್ದೇ, ಅದೇ ಉದ್ದನೆಯ ಹಿಡಿ, ಅದೇ ಭಾರ. ಕುಶನೂರಿನ ಅಂಗಳದಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಸಾಲಾಗಿ ನಿಂತ ಹೋರಿಗಳಿಗೆ ಹಾಕಿದ್ದೇನೆ. ಟಾಮ್ ಕರುವಿನ ಕೊರಳು ಹಿಡಿದ. ನಾನು ಹಿಂದೆ ಕೂತು, ನರ ಹುಡುಕಿ, ಇಕ್ಕಳದ ಬಾಯಿ ಹಚ್ಚಿದೆ. ಇನ್ನು ಹಿಡಿ ಮುಚ್ಚಬೇಕು, ಅಷ್ಟೇ. ಮುಚ್ಚಲಾಗಲಿಲ್ಲ. ಕರು ತಲೆ ತಿರುಗಿಸಿ ನನ್ನನ್ನು ನೋಡಲೂ ಇಲ್ಲ, ಪಾಪ, ಹುಲ್ಲು ಮೆಲ್ಲುತ್ತ ನಿಂತಿತ್ತು. ನಿನಗೇನು ಹೋಗುತ್ತದೆಂದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು ಎಂದು ಅದಕ್ಕೆ ಹೇಳಬೇಕೆನಿಸಿತು.

ಅದೇ ಹೊತ್ತಿಗೆ ಝಳವೂ ಬಂತು. ಇಕ್ಕಳ ಬಿಟ್ಟು ಹೊರಗೆ ಓಡಿದೆ. ಕೋಟು ತೆಗೆದೆ, ಸ್ವೆಟರ್ ತೆಗೆದೆ, ಅಂಗಿಯನ್ನೂ ತೆಗೆದು ಬರೀ ಬನಿಯನ್ನಿನಲ್ಲಿ ಆ ಒದ್ದೆ ಗಾಳಿಗೆ ಎದೆಯೊಡ್ಡಿ ನಿಂತೆ. ಟಾಮ್ ಹಿಂದೆಯೇ ಬಂದ. ಉಣ್ಣೆಯ ಟೊಪ್ಪಿಗೆಯನ್ನು ಕಿವಿಗೆ ಎಳೆದುಕೊಂಡ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೌದು, ಇವತ್ತು ಸ್ವಲ್ಪ ಸೆಕೆಯೇ ಎಂದ. ಇಂಥ ಮರ್ಯಾದಸ್ಥ ಜನರನ್ನು ನಾನು ಎಲ್ಲೂ ಕಂಡಿಲ್ಲ.

ಗ್ರೇಸಿ ಊಟಕ್ಕೆ ಕರೆಯಲು ಬಂದಿದ್ದಳು. ಬೇಲಿಯ ಆಚೆಯಿಂದಲೇ ಎಲ್ಲ ನೋಡಿದಳು. ಹತ್ತಿರ ಬಂದು ನನ್ನ ಕುತ್ತಿಗೆ ಮುಟ್ಟಿ, ಕೆಂಪಾದ ಎದೆ ನೋಡಿ, ನಾಡಿ ಹಿಡಿದಳು. ನರ್ಸಿನ ಕಣ್ಣು ಅದು.

‘ಪಪ್ಪಾ, ಯಾವಾಗಿಂದ ಇಂಜೆಕ್ಷನ್ ತಗೋಲತ್ತೀರಿ?’

‘ಯಾ ಇಂಜೆಕ್ಷನ್?’

‘ಸುಳ್ಳ ಹೇಳಬ್ಯಾಡ್ರಿ. ನಮ್ಮ ವಾರ್ಡಿನಾಗ ನಿಮ್ಮ ವಯಸ್ಸಿನವ್ರು ಹಿಂಗೇ ಅಂಗಿ ಬಿಚ್ಚಿ ಕೂಡ್ತಾರ. ಪ್ರಾಸ್ಟೇಟ್ ಏನು?’

ತಲೆಯಾಡಿಸಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ನೆಲಕ್ಕೆ ಬಿದ್ದಿದ್ದ ಅಂಗಿಯನ್ನು ಎತ್ತಿ ಕೊಡವಿ, ಒಂದೊಂದೇ ತೋಳು ಹಾಕಿಸಿ, ಮಗುವಿಗೆ ಹಾಕಿದಂತೆ ಗುಂಡಿ ಹಾಕಿದಳು. ಟಾಮ್ ಕೊಟ್ಟಿಗೆಯ ಒಳಗೆ ಹೋಗಿ ಕರುವನ್ನು ಬಿಟ್ಟುಬಿಟ್ಟ.

ಕಡಲ ದಂಡೆ

ಮರುದಿನ ಮಧ್ಯಾಹ್ನ ಮಗಳು ಕಾರಿನಲ್ಲಿ ಕಡಲಿಗೆ ಕರೆದೊಯ್ದಳು. ಗಾಳಿ ಬಹಳ ಇದ್ದುದರಿಂದ ಕೆಳಗಿಳಿಯಲಿಲ್ಲ, ಗಾಜು ಏರಿಸಿ ಕೂತೆವು. ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ: ಕಡಲಿನ ತನಕ ಬಂದು, ಕಾರಿನಲ್ಲೇ ಕೂತು ಚಹಾ ಕುಡಿದು, ವಾಪಸು ಹೋಗುತ್ತಾರೆ.

ನನ್ನ ರೋಗದ ಬಗ್ಗೆ ಎಲ್ಲ ಕೇಳಿದಳು, ನಾನು ಎಲ್ಲ ಹೇಳಿದೆ. ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಸುರುಮಾಡಿದಳು.

‘ಅವ್ವಂದು ಹಳೀ ಫೈಲ್ ನಾ ಓದೀನ್ರಿ ಪಪ್ಪಾ. ನರ್ಸಿಂಗ್ ಮೂರನೇ ವರ್ಷದಾಗೇ. ನಾ ಹುಟ್ಟಿ ಹತ್ತು ವಾರಕ್ಕ ಬ್ಯಾನಿ ಸುರು ಆಗ್ಯದ ಅಂತ ಮೊದಲ್ನೇ ಹಾಳಿಗೇ ಬರ್ದಾರ. ಟೈಫಾಯ್ಡ್ ಅಲ್ಲ.’

ಇಷ್ಟು ವರ್ಷ ನಾನು ಅವಳಿಂದ ಮುಚ್ಚಿಟ್ಟದ್ದನ್ನು, ಗೊತ್ತಿದ್ದೂ ಅವಳು ನನ್ನಿಂದ ಮುಚ್ಚಿಟ್ಟಿದ್ದಳು.

‘ಬಸುರಾಗಿದ್ದಾಗ ಹಾರ್ಮೋನು ಏರತದ, ಹಡದ ಮ್ಯಾಲ ಒಮ್ಮೆಲೇ ಇಳೀತದ. ಆವಾಗ ಒಳಗಿನ ಕಾವಲು ದಿಕ್ಕು ತಪ್ಪತದ. ಯಾರ ತಪ್ಪೂ ಅಲ್ಲ, ಇದು ನನಗ ಗೊತ್ತದ. ನನ್ನ ಡಾಕ್ಟರ ಜೋಡಿ ಎಲ್ಲ ಮಾತಾಡೀನಿ. ಒಂದು ವರ್ಷ ಆಯ್ತು, ರೋಗ ಥಂಡಾ ಅದ. ಗುಳಿಗಿ ಬಿಡಬ್ಯಾಡ, ದಿನಾ ನಮ್ಮ ಕಣ್ಣ ಮುಂದ ಇರು, ಪ್ರಯತ್ನ ಮಾಡು ಅಂದಾರ. ಆದ್ರ ಜೀವಕ್ಕ ಧೋಕಾ ಇಲ್ಲಂತ ಏನೂ ಇಲ್ಲ.’ ನನ್ನ ಕಡೆ ತಿರುಗಿ ಕೇಳಿದಳು: ‘ಪಪ್ಪಾ, ಖರೇ ಹೇಳ್ರಿ. ನನ್ನ ಹಡ್ದಿದ್ದಕ್ಕ ಅವ್ವ ಎಂದಾದ್ರೂ ಬ್ಯಾಸರ ಮಾಡ್ಕೊಂಡಿದ್ಲೇನು?’

ಯಾರಿಗೂ ಹೇಳದ ಸಂಗತಿ ಅದು. ಆದರೆ ಕೇಳಿದವಳು ಸುವಾರ್ತಾಳ ಮಗಳು.

‘ಇನ್ನೊಂದು ಬೇಕಂತಿದ್ಲು’ ಅಂದೆ.

ಗ್ರೇಸಿ ಹುಟ್ಟಿದಾಗ ಸುವಾರ್ತಾ ಕೈಯಾರೆ ಹೊಲಿದ ಒಂದು ಕುಂಚಿಗೆ ಇತ್ತು. ಕೂಸಿನ ತಲೆಯಿಂದ ಬೆನ್ನಿನ ತನಕ ಇಳಿಬೀಳುವ, ಅಂಚಿಗೆ ಹಸಿರು ಪಟ್ಟಿಯ ಟೊಪ್ಪಿಗೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವಳು ಅದನ್ನು ಟ್ರಂಕಿನಿಂದ ತೆಗೆದು ತೊಳೆಯುತ್ತಿದ್ದಳು. ಬಿಸಿಲಿಗೆ ಹೋಗುವಂತಿರಲಿಲ್ಲ, ಆದ್ದರಿಂದ ಬಾಗಿಲ ನೆರಳಿನಲ್ಲಿ ನಿಂತು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅಂಗಳದ ಹಗ್ಗದ ಮೇಲೆ ಹಾಕುತ್ತಿದ್ದೆ. ಯಾಕೆ ತೊಳೆಯುತ್ತೀ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಗ್ರೇಸಿಗೆ ಆರು ತುಂಬಿದ ವರ್ಷ ರೋಗ ಪೂರ್ತಿ ತಣ್ಣಗಿತ್ತು. ಬೇಕಾದರೆ ವಿಚಾರ ಮಾಡಬಹುದು, ನಾವು ನೋಡಿಕೊಳ್ಳುತ್ತೇವೆ ಎಂದು ಡಾಕ್ಟರೂ ಅಂದಿದ್ದರು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಮುಖ ಎಷ್ಟು ಗೆಲುವಾಗಿತ್ತೆಂದರೆ, ಮದುವೆಯಲ್ಲೂ ಹಾಗಿರಲಿಲ್ಲ. ಮನೆಗೆ ಬಂದು ನಾನು ‘ಬ್ಯಾಡ’ ಅಂದೆ. ಅವಳನ್ನು ಕಳೆದುಕೊಳ್ಳುವ ಹೆದರಿಕೆ ನನಗೆ. ಆದರೆ ಹೆದರಿಕೆ ಎಂದು ಹೇಳಲು ಬರಲಿಲ್ಲ, ಗಂಡನಂತೆ ಹುಕುಂ ಮಾಡಿದೆ. ಮುಂದಿನ ತಿಂಗಳು ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಕರೆದೊಯ್ದೆ. ನಾನು ಸಹಿ ಹಾಕಿದೆ, ಅವಳೂ ಹಾಕಿದಳು. ಆಮೇಲೂ ಅವಳು ಹೋದಳು. ‘ಬ್ಯಾಡ’ ಅವಳನ್ನು ಉಳಿಸಲಿಲ್ಲ, ಅವಳ ಆಸೆಯನ್ನಷ್ಟೇ ತೆಗೆಯಿತು.

ಇಷ್ಟನ್ನೂ ಹೇಳಿದೆ. ಗ್ರೇಸಿ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ನಾನೂ ಅತ್ತೆ.

‘ಆಪರೇಷನ್ ಆದ ಮ್ಯಾಲ ಭೀ ಕುಂಚಿಗಿ ತೊಳೀತಿದ್ಲೇನ್ರಿ?’

‘ಕಡೀ ವರ್ಷದ ತನಕ.’

ಅವಳು ಮುಖ ಒರೆಸಿಕೊಂಡಳು. ‘ನನಗ ಭೀ ಬ್ಯಾಡ ಅನ್ಲಾಕೇ ಬಂದೀರಿ, ಹೌದಲ್ಲ? ಬಂದ ದಿನದಿಂದ ನಿಮ್ಮ ಬಾಯಾಗ ಏನೋ ಅದ. ಅಂದುಬಿಡ್ರಿ ಪಪ್ಪಾ, ನಾ ಸಿಟ್ಟಾಗಂಗಿಲ್ಲ.’

‘ಅನ್ಲಾಕೇ ಬಂದಿದ್ದೆ. ಅಂಜಿಕಿ ಈಗ ಭೀ ಅದ, ಭಾಳ ಅದ’ ಅಂದೆ. ‘ಆದ್ರ ನಿಮ್ಮವ್ವಗ ಒಮ್ಮೆ ಅಂದೀನಿ ಗ್ರೇಸಿ. ಸಾಕು.’

ಬೀದರ

ಮನೆಗೆ ಬಂದ ಮರುದಿನ ಬ್ಯಾಗುಗಳನ್ನು ಹಾಗೇ ಬಿಟ್ಟು ಟ್ರಂಕು ತೆಗೆದೆ. ಕುಂಚಿಗೆ ಕೆಳಗೆ, ಅವಳ ಇಳಕಲ್ ಸೀರೆಯ ಒಳಗಿತ್ತು. ಹನ್ನೊಂದು ವರ್ಷದ ಮಡಿಕೆ ಬಿದ್ದ ಕಡೆ ಬಟ್ಟೆ ಹಳದಿಯಾಗಿತ್ತು, ಹಸಿರು ಪಟ್ಟಿ ಚೆನ್ನಾಗಿಯೇ ಇತ್ತು. ಮಗಳು ಇನ್ನೂ ಬಸುರಿಯಾಗಿಲ್ಲ. ಆಗಬಹುದು, ಆಗದಿರಬಹುದು, ಆದರೆ ಏನಾದೀತೋ ಎಂದು ದಿನವೂ ಹೆದರುತ್ತೇನೆ. ಆದರೂ ಕುಂಚಿಗೆಯನ್ನು ಎರಡು ಸಲ ತೊಳೆದು, ಹಿಂಡಿ, ಅಂಗಳದ ಬಿಸಿಲಿನಲ್ಲಿ ಹಗ್ಗದ ಹತ್ತಿರ ನಿಂತು, ರೂಢಿಯಂತೆ ಬಾಗಿಲ ಕಡೆಗೆ ಕೈ ಚಾಚಿದೆ. ಕುಂಚಿಗೆ ನನ್ನ ಇನ್ನೊಂದು ಕೈಯಲ್ಲೇ ಇತ್ತು. ನೆರಳಿನಲ್ಲಿ ಯಾರೂ ಇರಲಿಲ್ಲ.